ನೀರಿನ ಸರ್ವೆ ನಂಬರು

ಮೂವತ್ತೆಂಟು ಮಕ್ಕಳು, ಒಂದೇ ಬಾಗಿಲು.
ಚಪ್ಪಲಿ ಹೊರಗೆ ಬಿಡಿ ಅಂದೆ.
ಇದೇನು ದೇವಸ್ಥಾನವಾ ಸಾರ್, ಅಂದ ಒಬ್ಬ.
ಅಲ್ಲ ಮಗಾ, ಧೂಳು. ಇಲ್ಲಿಯದೇ ನನಗೆ ಸಾಕು,
ನಿಮ್ಮದು ಬೇರೆ ಯಾಕೆ.

ಆಲೂರು ತಾಲ್ಲೂಕು ಕಚೇರಿಯ ಹಿಂಬದಿ,
ಕಬ್ಬಿಣದ ರ‍್ಯಾಕುಗಳ ನಡುವೆ ಇಪ್ಪತ್ತಾರು ವರ್ಷ
ಕೆಂಪು ಬಟ್ಟೆಯ ಗಂಟು ಕಟ್ಟಿದ್ದೇನೆ, ಬಿಚ್ಚಿದ್ದೇನೆ.
ಬಿಚ್ಚಿದ್ದೆಲ್ಲ ವ್ಯಾಜ್ಯಕ್ಕೆ.
ಅಣ್ಣನ ಮೇಲೆ ತಮ್ಮ, ಒಂದು ಮೊಳ ಬದುವಿಗೆ ಎರಡು ತಲೆಮಾರು,
ನಕಲು ಬೇಕು, ಊಟಕ್ಕೆ ಏಳುವ ಮೊದಲೇ ಬೇಕು.
ಸುಮ್ಮನೆ ನೋಡಲು ಬಂದವರು
ಇವರೇ ಮೊದಲು.

ಜಬೀನಾ ಟೀಚರ್ ಹೇಳಿಕೊಟ್ಟು ತಂದಿದ್ದರು:
ಎಂಜಲು ಹಚ್ಚಿ ಹಾಳೆ ತಿರುವಬಾರದು.
ನಾನು ಇಷ್ಟು ವರ್ಷ ತಿರುವಿದ್ದು ಹಾಗೆಯೇ.
ಬೆರಳನ್ನು ಮೆಲ್ಲಗೆ ಜೇಬಿಗಿಳಿಸಿದೆ.

ಶಾನುಭೋಗರ ಅಕ್ಷರ ನೋಡಿ ನಕ್ಕರು,
ಮಸಿ ಕುಡಿದ ಇರುವೆ ನಡೆದ ಹಾಗಿದೆಯಂತೆ.
ಹುಣಸೆ ೩, ಹೊಂಗೆ ೧೧, ಹಲಸು ೧.
ಮರವನ್ನೂ ಬರೀತಿದ್ರಾ ಸಾರ್?
ಆರೋ ಒಂಬತ್ತೋ ಎಂದು ಒಂದು ಅಂಕಿಗೆ
ಎರಡು ಬೆಂಚಿನವರು ಜಗಳ ಕಾದರು.

ಆಮೇಲೆ ನಕ್ಷೆ.
ಬಟ್ಟೆಗೆ ಅಂಟಿಸಿದ್ದು, ಮಡಿಕೆ ಮಡಿಕೆಯಲ್ಲಿ ಸವೆದದ್ದು.
ಹೊನ್ನೆಕೊಪ್ಪಲು. ಹೆಸರಿನ ಮೇಲೆ ಅಡ್ಡಗೆರೆ,
ಪಕ್ಕದಲ್ಲಿ ಕೆಂಪು ಶಾಯಿ: ಮುಳುಗಡೆ.
ನಮ್ಮಜ್ಜಿ ಊರು, ಅಂದಳು ಹಂಸಿಕಾ.
ಸ್ವಲ್ಪ ಹೊತ್ತು ಬಿಟ್ಟು,
ಸಾರ್, ಈಗ ಆ ನೀರಿಗೆ ಸರ್ವೆ ನಂಬರ್ ಇದ್ಯಾ?

ನಾನು ಟೀಚರ್ ಮುಖ ನೋಡಿದೆ.
ಟೀಚರ್ ನಕ್ಷೆ ನೋಡಿದರು.
ಎಷ್ಟು ತಹಸೀಲ್ದಾರರು ಬಂದು ಹೋದರು,
ಒಬ್ಬರೂ ಕೇಳಿರಲಿಲ್ಲ.

ಅವಳ ಬೆರಳು ಊರೆಲ್ಲ ಸುತ್ತಿತು.
ಗುಡಿ, ಕಟ್ಟೆ, ಪಟೇಲರ ಕಣ,
ಕಲ್ಲು ಕಟ್ಟಿದ ಬಾವಿ ಒಂದು.
ಊರಗೆರೆಯ ಅಂಚಿಗೆ ಬಂದು ನಿಂತಿತು.
ಅಜ್ಜಿ ಕೇರಿ ಇಲ್ಲೇ ಸಾರ್. ಏಳು ಮನೆ.
ಅಲ್ಲಿ ಬರೀ ಬಟ್ಟೆ. ಒಂದು ಚುಕ್ಕಿಯೂ ಇಲ್ಲ.
ನೀರು ಬರುವುದಕ್ಕೆ ಎಷ್ಟೋ ಮುಂಚೆಯೇ
ಆ ಏಳು ಮನೆ ಮುಳುಗಿದ್ದವು.

ಪೆನ್ಸಿಲ್ ಕೇಳಿದಳು.
ದಾಖಲೆ ಮೇಲೆ ಗೀಚುವಂತಿಲ್ಲ, ಅಂದೆ,
ಅಂದದ್ದು ನನಗೇ ಸೇರಲಿಲ್ಲ.
ಹಳೇ ಸುತ್ತೋಲೆಯ ಖಾಲಿ ಬೆನ್ನು ಹರಿದು ಕೊಟ್ಟೆ.

ಸೋಮವಾರ ಬೆಳಿಗ್ಗೆ, ನಾನು ಬೀಗ ತೆಗೆಯುವ ಮೊದಲೇ
ಬಂದು ನಿಂತಿದ್ದಳು.
ಅಜ್ಜಿ ಚುಕ್ಕಿ ಇಟ್ಟಿದ್ದಾರೆ, ರಂಗೋಲಿಗೆ ಇಡುವ ಹಾಗೆ.
ಚುಕ್ಕಿಗೊಂದು ಹೆಸರು, ಮೊಮ್ಮಗಳ ಬರಹದಲ್ಲಿ:
ಕೆಂಚಿ, ದೊಡ್ಡ ನಿಂಗಿ, ತಮಟೆ ಮಾರಯ್ಯ,
ಹೆಸರು ಮರೆತ ಒಂದು ಮನೆ,
ತಾವೇ ತೋಡಿಕೊಂಡ ಬಾವಿ, ನೀರು ಸ್ವಲ್ಪ ಉಪ್ಪು,
ನಾಯಿಯ ಹೆಸರು ಕೂಡ.

ಇದಕ್ಕೆ ಮೊಹರಿಲ್ಲ, ನಂಬರಿಲ್ಲ, ಆವಕದಲ್ಲಿ ಹತ್ತಿಲ್ಲ.
ಸಂಜೆ ಗಂಟು ಕಟ್ಟುವಾಗ ಹೊನ್ನೆಕೊಪ್ಪಲು
ಒಂದು ಹಾಳೆಯಷ್ಟು ದಪ್ಪವಾಗಿತ್ತು.
ಜೂನ್‌ಗೆ ನನ್ನ ನಿವೃತ್ತಿ.
ಯಾರಿಗೂ ಹೇಳಿಲ್ಲ.
ಯಾರಾದರೂ ವ್ಯಾಜ್ಯಕ್ಕೆ ಬಿಚ್ಚಿದರೆ
ಬಿಚ್ಚಲಿ.