ಹಾಲುಹಲ್ಲಿನ ನಂಬರು

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ:
ನಾನು ಕಾಲು ಹಿಡಿದಿದ್ದೆ, ಅವಳಮ್ಮ ತಲೆ.
ಪುದೀನ ಪೇಸ್ಟು ಧೃತಿಯ ಬಾಯಲ್ಲಿ
ಹಸಿಮೆಣಸು ಅರೆದಿಟ್ಟ ಹಾಗೆ ಉರಿದಿರಬೇಕು,
ನಮಗೆ ಹೊಳೆಯಲಿಲ್ಲ.
ಗುತ್ತಲು ರಸ್ತೆಯ ಅರ್ಧಕ್ಕೆ ಕೇಳುವಂತೆ ಕಿರುಚಿದಳು.
ಆಮೇಲೆ ಮೂರು ದಿನ ಬಚ್ಚಲ ಹೊಸಿಲು ದಾಟಲಿಲ್ಲ,
ನಲ್ಲಿ ತಿರುಗಿಸಿದ ಸದ್ದಿಗೂ ಕಿವಿ ಮುಚ್ಚಿಕೊಂಡಳು.

"ಎರಡು ಬುಟ್ರೆ ತಾನೇ ಬಾಯ್ ತಗೀತದೆ ಮಗ"
ಅಂದರು ಎದುರುಮನೆ ಚಿಕ್ಕತಾಯಮ್ಮ.
ನಮ್ಮತ್ತೆ ಬೇವಿನಕಡ್ಡಿ ತಂದರು, ಇದ್ದಿಲಪುಡಿ ತಂದರು,
ಕೊನೆಗೊಂದು ತಾಯತ.
ಹಲ್ಲಿಗೆ ತಾಯತ ಎಲ್ಲಿ ಕಟ್ಟೋದತ್ತೆ, ಎಂದೆ.
ನಕ್ಕರು. ನಕ್ಕಿದ್ದು ಹಾಗೇ ಅಳುವಾಯಿತು.

ಮೈಸೂರಿನಿಂದ ವಾರಕ್ಕೊಮ್ಮೆ ಬರುವ ರಿಹಾನಾ ಮೇಡಂ
ಕೇಳಿದ್ದು ಒಂದೇ ಮಾತು:
"ಅವಸರ ಯಾರದು ಸಾರ್, ಹಲ್ಲಿನದೋ ನಿಮ್ಮದೋ?"
ಆರ್‌ಟಿಒ ಆಫೀಸಿನ ಎದುರು
ನಂಬರ್ ಪ್ಲೇಟು ಬರೆಯುವವನು ನಾನು.
ಹೊಸ ಗಾಡಿಗಾದರೆ ಕೆಂಪಕ್ಷರದಲ್ಲಿ
ಫಾರ್ ರಿಜಿಸ್ಟ್ರೇಷನ್.
ಗಿರಾಕಿ ಎಂಜಿನ್ ಕೂಡ ಆರಿಸಿರುವುದಿಲ್ಲ,
ಹತ್ತು ನಿಮಿಷಕ್ಕೆ ಒಂದು ಪ್ಲೇಟು.
ಹಲ್ಲಿಗೆ ಎಷ್ಟು ಹೊತ್ತು, ಯಾರನ್ನು ಕೇಳಲಿ?

ಬ್ರಷ್ಷು ಹನ್ನೊಂದು ದಿನ ಸುಮ್ಮನೆ ಬಿದ್ದಿತ್ತು
ಅವಳು ಸಾಲಿಡುವ ಬಾಟಲಿ ಮುಚ್ಚಳಗಳ ಪಕ್ಕ.
ಹನ್ನೆರಡನೇ ದಿನ ಸಾಲಿಗೇ ಸೇರಿಸಿಕೊಂಡಳು:
ಕೆಂಪು ಮುಚ್ಚಳ, ನೀಲಿ ಮುಚ್ಚಳ, ಬ್ರಷ್ಷು, ನೀಲಿ.
ಜಯಶೀಲ ಅಡುಗೆಮನೆಯಿಂದ ಕೈಸನ್ನೆ ಮಾಡಿದಳು,
ಮುಟ್ಟಬೇಡಿ, ಹೊಗಳಲೂ ಬೇಡಿ.

ಬಣ್ಣ ಕಾಣದ ಅಳಿಲುಕೂದಲ ಕುಂಚವೊಂದನ್ನು
ಅಂಗಡಿಯಿಂದ ತಂದೆ.
ಅವಳ ಬೆರಳಿಗೆ ಸವರಿದೆ, ಕೈ ಎಳೆದುಕೊಳ್ಳಲಿಲ್ಲ.
ಮರುವಾರ ಗಲ್ಲ. ಮರುತಿಂಗಳು ತುಟಿ.
ನಡುವೆ ಒಂದು ಜ್ವರ ಬಂತು,
ಮತ್ತೆ ಬೆರಳಿನಿಂದಲೇ ಶುರು.
ಕುಂಚ ಹೋಗಿ ಬ್ರಷ್ಷು ಬರುವಾಗ
ಪೇಸ್ಟಿಲ್ಲ, ಬರೀ ಉಗುರುಬೆಚ್ಚಗಿನ ನೀರು.
ಮೊದಲು ಉಜ್ಜಿಸಿಕೊಂಡವನು ನಾನೇ;
ಎಲೆಅಡಿಕೆಯ ಕರೆ ಕಟ್ಟಿದ ನನ್ನ ಹಲ್ಲನ್ನು
ಬೇರೆಯವರ ಸ್ಕೂಟರು ಒರೆಸುವವಳಂತೆ
ಒಂದಡಿ ದೂರ ನಿಂತು ಉಜ್ಜಿದಳು.

ಮಾತು ಕಮ್ಮಿ ನನ್ನ ಮಗಳದು.
ದಾರಿಯಲ್ಲಿ ಹೋಗುವ ಗಾಡಿಗಳ ಹಣೆಬರಹ ಮಾತ್ರ
ಬಿಡದೆ ಓದುತ್ತಾಳೆ.
ಅದಕ್ಕೇ ಹಲ್ಲುಗಳಿಗೆ ನಂಬರು ಹಾಕಿದೆ,
ಮೇಲೆ ಹತ್ತು, ಕೆಳಗೆ ಹತ್ತು.
"ಕೆಎ ಹನ್ನೊಂದು, ಒಂದು." ತುಟಿ ಸರಿಯಿತು.
"ಕೆಎ ಹನ್ನೊಂದು, ಎರಡು."
ನಾಲ್ಕಕ್ಕೆ ಬಾಯಿ ಮುಚ್ಚಿತು.
ಗೇಟು ಬಿದ್ದ ರೈಲ್ವೆ ಹಳಿಯ ಮುಂದೆ
ಯಾರಾದರೂ ಹಾರನ್ ಒತ್ತುತ್ತಾರಾ?
ಒತ್ತುತ್ತಾರೆ, ನಮ್ಮ ಮಂಡ್ಯದಲ್ಲಿ ಒತ್ತುತ್ತಾರೆ.
ನಾನು ಒತ್ತಲಿಲ್ಲ.

ಯುಗಾದಿ ಹೊತ್ತಿಗೆ ಇಪ್ಪತ್ತೂ ಮುಗಿಯುತ್ತಿತ್ತು.
ಬೇವುಬೆಲ್ಲ ಬೇಡವೆಂದಳು, ಬ್ರಷ್ಷು ಕೇಳಿದಳು.

ಆಷಾಢದಲ್ಲಿ ಹದಿನೈದು ಅಲ್ಲಾಡಿ
ಬೆಲ್ಲದಚ್ಚಿನಲ್ಲಿ ಸಿಕ್ಕಿಕೊಂಡು ಬಿತ್ತು.
ರಾತ್ರಿ ಎಣಿಕೆ ಹದಿನಾಲ್ಕಕ್ಕೆ ನಿಂತಿತು.
ಅವಳು ಬ್ರಷ್ಷು ಎಸೆದಳು, ಮುಚ್ಚಳದ ಸಾಲು ಕೆಡವಿದಳು,
ಗೋಡೆಗೆ ಹಣೆ ಒತ್ತಿ ನಿಂತಳು.
ಹೊಸ ಹಲ್ಲು ಬರುತ್ತೆ ಕಂದ ಅಂದರೆ
ಬರುತ್ತೆ ಅನ್ನುವುದು ಯಾವ ನಂಬರು?
ನಾನು ಕುಂಚ ಹುಡುಕಿಟ್ಟುಕೊಂಡೆ.
ಮತ್ತೆ ಬೆರಳಿನಿಂದ, ಅಷ್ಟೇ ತಾನೆ.

ಮೂರನೇ ಬೆಳಿಗ್ಗೆ ಬಚ್ಚಲಿನಲ್ಲಿ ಸದ್ದು.
ಕನ್ನಡಿಯ ಮುಂದೆ ಸ್ಟೂಲು ಹತ್ತಿ ನಿಂತಿದ್ದಾಳೆ.
ಹನ್ನೆರಡು, ಹದಿಮೂರು, ಹದಿನಾಲ್ಕು.
ಖಾಲಿ ಜಾಗಕ್ಕೆ ಬ್ರಷ್ಷು ಮೆಲ್ಲಗೆ ತಾಗಿಸಿ
ತಡೆದು, ಕನ್ನಡಿಗೆ ಹೇಳಿದಳು:
"ಫಾರ್ ರಿಜಿಸ್ಟ್ರೇಷನ್."

ಆಮೇಲೆ ಹದಿನಾರು.
ಬಾಗಿಲಲ್ಲಿ ನಿಂತವನ ಇಸ್ತ್ರಿ ಅಂಗಿಯ ಮೇಲೆ
ಬಾಯಿತುಂಬ ನೀರು ಉಗಿದಳು.
ಅದನ್ನೇ ಹಾಕಿಕೊಂಡು ಅಂಗಡಿಗೆ ಹೋದೆ.