ಹಗ್ಗದ ಮೇಲೆ, ಕೋಟೋರ್

ಬೆಳಗ್ಗೆ ಕಿಟಕಿ ತೆರೆದರೆ
ಗೋಡೆಗಿಂತ ಎತ್ತರದ ಹಡಗು ಬಂದು ನಿಂತಿದೆ.
ಆಚೆ ದಡದ ಬೆಟ್ಟ ಮಾಯ.
ತುರ್ಕರಿಗೆ ಬಗ್ಗದ ಕೋಟೆ ಇದು,
ಇವರಿಗೆ ಮಾತ್ರ ಏಳು ಗಂಟೆಗೇ
ಬಾಗಿಲು ಹಾರುಹೊಡೆದು ಕೂತಿದೆ.

ರಸ್ತೆ ದಾಟಿದರೆ ತಾಳೆಮರ, ತರಕಾರಿ ಸಂತೆ,
ಆಮೇಲೆ ಸಮುದ್ರದ ಬಾಗಿಲು, ಅಷ್ಟೇ ದಾರಿ.
ಕೊಡೆ ಎತ್ತಿ ಹಿಡಿದವಳ ಹಿಂದೆ ನಲವತ್ತು ಟೊಪ್ಪಿ
ನನ್ನ ಓಣಿಯಲ್ಲಿ ನಿಂತು
ನಾನು ಒಗೆದ ಬಟ್ಟೆಯ ಫೋಟೋ ತೆಗೆಯುತ್ತವೆ.
ಮೇ ತಿಂಗಳಿಂದ ಅಕ್ಟೋಬರಿನವರೆಗೆ
ಒಳಲಂಗ ಒಳಗೇ ಒಣಗಿಸುತ್ತೇನೆ.

ಇವನು ಒಬ್ಬನೇ ಬಂದ.
ಕೊರಳಲ್ಲಿ ಗುರುತಿನ ಚೀಟಿ. ಕ್ಯಾಮೆರಾ ಇಲ್ಲ.
ಬಾವಿಕಟ್ಟೆಯಲ್ಲಿ ನನಗೂ ಹಾಸಿಗೆ ಬಟ್ಟೆಗೂ ಜಗಳ ನಡೆದಿತ್ತು:
ಹಿಂಡಲು ಎರಡು ಜೊತೆ ಕೈ ಬೇಕು,
ಎದುರುಮನೆ ಝೋರ್ಕಾ ಬಾಡಿಗೆಗೆ ಕೊಟ್ಟು
ಗೋಡೆಯಾಚೆಯ ಹೊಸ ಕಟ್ಟಡಕ್ಕೆ ಹೋದಳಲ್ಲ.

ಕೇಳದೆ ಇನ್ನೊಂದು ತುದಿ ಹಿಡಿದ.
ನಾನು ನನ್ನ ಬಲಕ್ಕೆ ತಿರುಚಿದೆ, ಅವನು ಅವನ ಬಲಕ್ಕೆ.
ಕಲ್ಲಿನ ಮೇಲೆ ನೀರು ದಬದಬ.
ಆಮೇಲೆ ಜಾಡಿಸಿ, ಮೂಲೆಗೆ ಮೂಲೆ ಎಳೆದು,
ಹಗ್ಗಕ್ಕೆ ಎಸೆದ ನೋಡಿ, ಒಂದು ಸುಕ್ಕಿಲ್ಲ!
ಎದೆ ತಟ್ಟಿ 'ಎಫ್ರೆನ್' ಎಂದ.
ಹಡಗಿನ ಕಡೆ ಕೈ ತೋರಿ
ಬೆರಳನ್ನು ಕೆಳಗೆ, ಇನ್ನೂ ಕೆಳಗೆ ಇಳಿಸಿದ.
ನೀರಿನಡಿ ಎಲ್ಲೋ ಇವನ ಇಸ್ತ್ರಿಮನೆ,
ದಿನಕ್ಕೆ ಸಾವಿರ ಹಾಸಿಗೆ, ಕಿಟಕಿಯೇ ಇಲ್ಲ.

ಮೊದಲೇ ಒಣಗಿದ್ದ ದಿಂಬಿನ ಚೀಲವೊಂದನ್ನು
ಮೂಗಿಗೆ ಒತ್ತಿಕೊಂಡು
ಬಹಳ ಹೊತ್ತು ನಿಂತ.
ನಾನು ಅಂಜೂರ ತರಲು ಒಳಗೆ ಹೋದೆ.
ಹೊರಬರುವಷ್ಟರಲ್ಲಿ ಹಡಗು ಕೂಗಿತ್ತು, ಓಣಿ ಖಾಲಿ.
ಇಗರ್ಜಿ ನೋಡಲಿಲ್ಲ, ಕೋಟೆ ಹತ್ತಲಿಲ್ಲ, ಪಾಪ.

ಸಂಜೆ ಬೆಟ್ಟ ತಿರುಗಿ ಬಂತು.
ಬಟ್ಟೆ ತೆಗೆದು ಎಣಿಸಿದೆ:
ದಿಂಬಿನ ಚೀಲ ಒಂದು ಕಮ್ಮಿ.
ಇರಲಿ ಬಿಡು.