ಗುಟುಕು

ಜೂನ್ ತಿಂಗಳಲ್ಲಿ ನಮ್ಮ ಸೆನ್ಯಾ ದ್ವೀಪಕ್ಕೆ ರಾತ್ರಿ ಬರುವುದಿಲ್ಲ.
ಹನ್ನೆರಡು ಹೊಡೆದರೂ ಹೊತ್ತು ಮುಳುಗದೆ
ಕಡಲಂಚಿನಲ್ಲಿ ಸಾಲ ಕೊಟ್ಟವನ ಹಾಗೆ ನಿಂತಿರುತ್ತದೆ.
ಅಂಥ ಜೂನಿನಲ್ಲೇ ಹೇಳಿದರು ಟ್ರೊಮ್ಸೊದ ಡಾಕ್ಟರು:
ಮೂವತ್ತು ದಿನ ಬಿಸಿಲು ಸೋಕಬಾರದು.

ತೋರ್ಗುನ್ ನಕ್ಕಳು. ನಗುವುದಕ್ಕೆ ಅನ್ನನಾಳ ಬೇಕಿಲ್ಲ.
ನುಂಗುವುದಕ್ಕೆ ಬೇಕು; ಅದು ಮುಚ್ಚುತ್ತಾ ಬಂದಿತ್ತು.
ನೀರು ಕೂಡ ಯೋಚಿಸಿ ಯೋಚಿಸಿ ಇಳಿಯುತ್ತಿತ್ತು,
ಒಮ್ಮೊಮ್ಮೆ ಮನಸ್ಸು ಬದಲಿಸಿ ವಾಪಸು ಬರುತ್ತಿತ್ತು.

ಬುಧವಾರ ತೋಳಿಗೆ ಬಣ್ಣ ಏರಿಸಿದರು,
ಲಂಗರಿನ ತುಕ್ಕಿನಂಥ ಕೆಂಪು.
ಮೈಯೆಲ್ಲ ಸುತ್ತಿ, ಒಳ್ಳೆಯ ಜಾಗ ಬೇಗ ಬಿಟ್ಟು
ಕೆಟ್ಟ ಜಾಗದಲ್ಲೇ ತಂಗುತ್ತದಂತೆ.
‘ನನ್ನ ತಮ್ಮನ ಹಾಗೆ’ ಎಂದಳು.
ಶುಕ್ರವಾರ ಬಾಯಿಂದ ನೂಲಿನಷ್ಟು ಸಣ್ಣ ಗಾಜಿನೆಳೆ ಇಳಿಸಿ
ಒಳಗೆ ಕೆಂಪು ಬೆಳಕು ಹಚ್ಚಿದರು.
ನಾನು ಹೊರಗೆ, ಕಾಫಿ ಯಂತ್ರದ ಮುಂದೆ.
ಬಾಗಿಲ ಸಂದಿಯಲ್ಲಿ ಏನೂ ಕಾಣಲಿಲ್ಲ.

‘ಗುಣವಾಗುತ್ತದಾ?’ ಎಂದು ಕೇಳಿದ್ದು ನಾನು.
ಅವಳು ಕೇಳಿದ್ದು: ‘ಸಾರು ಕುಡಿಯಬಹುದಾ?’
ಡಾಕ್ಟರು ಅವಳ ಪ್ರಶ್ನೆಗೆ ಉತ್ತರ ಕೊಟ್ಟರು.

ಮನೆಗೆ ಬಂದು ಕಿಟಕಿಗಳಿಗೆ ಹಳೆಯ ಹಾಯಿಬಟ್ಟೆ ಬಡಿದೆ.
ಕೀಲಿಕಿಂಡಿಗೂ ಮೇಣ ಮೆತ್ತಿದೆ.
ಯಾರು ಹೋದರು ಎಂದು ನೋಡಲು
ಎದುರುಮನೆಯ ಬೋರ್ಗ್‌ಹಿಲ್ಡ್ ಬಂದಳು.
ನರ್ಸ್ ಫೋನಿನಲ್ಲೇ ಗದರಿದಳು: ಅಷ್ಟು ಕತ್ತಲು ಬೇಡ,
ಮನೆಯೊಳಗಿನ ಸಣ್ಣ ಬೆಳಕು ಬೇಕೇ ಬೇಕು,
ಚರ್ಮದಲ್ಲಿ ಉಳಿದ ಬಣ್ಣವನ್ನು ದಿನಕ್ಕಿಷ್ಟು ದಿನಕ್ಕಿಷ್ಟು
ಅದೇ ತಿಂದು ಮುಗಿಸುವುದು.
ಸುಡುವುದೂ ಅದೇ, ತೊಳೆಯುವುದೂ ಅದೇ. ಅಳತೆ ಬೇರೆ.
ಹಾಗಾಗಿ ಮೂಲೆಯಲ್ಲೊಂದು ದೀಪ. ಪಕ್ಕದಲ್ಲಿ ಅವಳು:
ಕೈಗವಸು, ಅಗಲ ಟೋಪಿ, ಕಪ್ಪು ಕನ್ನಡಕ,
ಮನೆಯೊಳಗೇ ಕೂತು ಎಲ್ಲಿಗೋ ಹೊರಟವಳ ಹಾಗೆ.

ಹತ್ತನೆಯ ದಿನ, ರಾತ್ರಿ ಎನ್ನಬಹುದಾದ ಹೊತ್ತಿಗೆ,
ಕಾಡ್ ಮೀನಿನ ತಲೆ ಬೇಯಿಸಿ, ಸೋಸಿ, ಚಮಚ ಹಿಡಿದೆ.
ಏಳು ವರ್ಷದವಳಿದ್ದಾಗ ಬಂದರಿನಲ್ಲಿ
ಅದೇ ಮೀನುಗಳ ನಾಲಗೆ ಕತ್ತರಿಸಿ
ಕಿಲೋ ಲೆಕ್ಕದಲ್ಲಿ ಮಾರಿದವಳು ಇವಳು.
‘ಸೇಡು ತೀರಿಸಿಕೊಂಡವು’ ಎಂದಿದ್ದಳು ಚಳಿಗಾಲದಲ್ಲಿ.
ಈಗ ಏನೂ ಅನ್ನಲಿಲ್ಲ. ಕಣ್ಣು ಮುಚ್ಚಿದಳು.

ಗುಟುಕ್.

ನಲವತ್ತೊಂದು ವರ್ಷ ಒಂದೇ ಮೇಜಿನಲ್ಲಿ ಉಂಡೂ
ಆ ಸದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.
ಗುಟುಕು ಜೀವ ಎಂದರೆ ಎಷ್ಟು, ಅಳೆದವರು ಯಾರು?
ಆ ಹೊತ್ತಿಗೆ ಒಂದು ಚಮಚ. ಆಮೇಲೆ ಇನ್ನೊಂದು.
‘ಉಪ್ಪು ಕಡಿಮೆ’ ಎಂದಳು.

ಹಾಯಿಬಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು.
ನೆಲದ ಮೇಲೆ ಬೆರಳಗಲ ನಡುರಾತ್ರಿಯ ಬಿಸಿಲು
ಅವಳ ಚಪ್ಪಲಿಯತ್ತ ಹರಿದು ಬರುತ್ತಿತ್ತು.
ಕುರ್ಚಿ ಸರಿಸಿ ಅದಕ್ಕೆ ಬೆನ್ನು ಕೊಟ್ಟು ಕೂತೆ,
ಉಪ್ಪಿನ ಡಬ್ಬಿಗೆ ಕೈ ಚಾಚಿದೆ.